ಗೇರ್‌ಬಾಕ್ಸ್ ಇಳಿಸುವ ಮುಂಚೆ ಆಯಿಲ್ ತೋರಿಸಿ

ಮಾನ್ಯ ಸಂಪಾದಕರೇ,

ನಮ್ಮ ಪಕ್ಕದ ಮನೆ ಯಜಮಾನರ ಹಳೇ ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸನ್ನು ಈ ವರ್ಷ ಎರಡು ಸಲ ಕಾರಿನಿಂದ ಬಿಚ್ಚಿ ಇಳಿಸಿದ್ದಾಯಿತು. ಮೊದಲ ಸಲ ಗ್ಯಾರೇಜಿನವರು 95 ಸಾವಿರ ತೆಗೆದುಕೊಂಡರು. ಮೂರು ತಿಂಗಳಾಗಿರಲಿಲ್ಲ, ಮತ್ತೆ ಅದೇ ಗೋಳು. ಮುಂದೆ ಹೋಗಲು ಲಿವರನ್ನು ಡಿಗೆ ಹಾಕಿದರೆ ಎಂಜಿನ್ ಕೂಗುತ್ತದೆ, ಕಾರು ಕದಲುವುದಿಲ್ಲ. ಅವರಿಗೆ ಪಿಂಚಣಿ ಬಿಟ್ಟರೆ ಬೇರೆ ವರಮಾನ ಇಲ್ಲ. ಆ ಸಂಕಟ ಕಣ್ಣಾರೆ ನೋಡಿ ಈ ಪತ್ರ ಬರೆಯುತ್ತಿದ್ದೇನೆ.

ಎರಡನೇ ಸಲ ಬೇರೆ ಗ್ಯಾರೇಜಿಗೆ ಹೋದಾಗ ನಾನೂ ಜೊತೆಗೆ ಹೋಗಿದ್ದೆ. ಮೆಕ್ಯಾನಿಕ್ ಕೆಳಗೆ ಮಲಗಿ ಡ್ರೈನ್ ಬೋಲ್ಟ್ ಬಿಚ್ಚಿದರು. ಟ್ರೇಗೆ ಬಿದ್ದಿದ್ದು ನೋಡಿ ಎದೆ ಧಸಕ್ ಎಂದಿತು. ಗೇರ್‌ಬಾಕ್ಸಿನ ಆಯಿಲ್ ಹೊಸದಾಗಿದ್ದಾಗ ಸಾಮಾನ್ಯವಾಗಿ ಕೆಂಪಗೆ, ತಿಳಿಯಾಗಿ ಇರುತ್ತದೆ. ಇದು ಹೋಟೆಲಿನ ರೋಸ್ ಮಿಲ್ಕ್ ಇದ್ದ ಹಾಗಿತ್ತು, ಮೇಲೆ ನೊರೆ ಬೇರೆ. "ಮೇಡಂ, ಇದರೊಳಗೆ ನೀರು ಸೇರಿದೆ" ಅಂದರು.

ನೀರು ಎಲ್ಲಿಂದ ಬಂತು? ಎಷ್ಟೋ ಆಟೋಮ್ಯಾಟಿಕ್ ಕಾರುಗಳಲ್ಲಿ ಗೇರ್‌ಬಾಕ್ಸ್ ಆಯಿಲ್ ತಣ್ಣಗಾಗಲು ಎರಡು ಪೈಪಿನಲ್ಲಿ ರೇಡಿಯೇಟರ್‌ಗೆ ಹೋಗಿ ಬರುತ್ತದೆ. ರೇಡಿಯೇಟರ್ ಒಳಗೇ ಅದಕ್ಕೊಂದು ಸಣ್ಣ ಕೂಲರ್ ಇರುತ್ತದೆ. ಆಯಿಲಿಗೂ ರೇಡಿಯೇಟರಿನ ನೀರಿಗೂ ನಡುವೆ ಇರುವುದು ತೆಳ್ಳಗಿನ ಲೋಹದ ಗೋಡೆ ಅಷ್ಟೇ. ರೇಡಿಯೇಟರಿಗೆ ಹಾಕುವ ಕೂಲಂಟ್ ದ್ರವ ಯಾಕೆ ಸುಮ್ನೆ ಖರ್ಚು ಅಂತ ವರ್ಷಗಟ್ಟಲೆ ಬೋರ್‌ವೆಲ್ ನೀರು ಹಾಕಿದರೆ ಆ ಗೋಡೆ ತುಕ್ಕು ಹಿಡಿದು ತೂತಾಗುತ್ತದೆ. ನಮ್ಮ ಬೋರ್ ನೀರು ಎಷ್ಟು ಗಡಸು ಅಂತ ಬಕೆಟ್ಟಿನ ಬಿಳೀ ಕಲೆ ನೋಡಿದರೇ ಗೊತ್ತಾಗುತ್ತದೆ, ಅಲ್ವಾ? ಆಮೇಲೆ ನೀರು ಆಯಿಲಿಗೆ ಸೇರುತ್ತದೆ. ಆಟೋಮ್ಯಾಟಿಕ್‌ನಲ್ಲಿ ಕ್ಲಚ್ ಪೆಡಲ್ ಇಲ್ಲದಿದ್ದರೂ ಒಳಗೆ ಕ್ಲಚ್ ಪ್ಲೇಟುಗಳಿರುತ್ತವೆ. ಅವುಗಳ ಮೇಲೆ ಅಂಟಿಸಿರುವ ಕಾಗದದಂಥ ಪದರ ನೀರು ಕುಡಿದು ಕಿತ್ತುಕೊಳ್ಳುತ್ತದೆ. ಮೊದಲ ಗ್ಯಾರೇಜಿನವರು ಕ್ಲಚ್ ಪ್ಲೇಟೆಲ್ಲ ಹೊಸದು ಹಾಕಿ, ತೂತಾದ ರೇಡಿಯೇಟರನ್ನು ಹಾಗೇ ಬಿಟ್ಟಿದ್ದರು! ಅವತ್ತೇ ಆ ಆಯಿಲನ್ನು ಯಜಮಾನರಿಗೆ ತೋರಿಸಿದ್ದರೆ ಬಣ್ಣವೇ ಎಲ್ಲ ಹೇಳಿಬಿಡುತ್ತಿತ್ತು.

ನನ್ನದೇ ಅನುಭವ ಹೇಳುತ್ತೇನೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಎಡ ಮಂಡಿಯ ಆಪರೇಷನ್ ಆದ ಮೇಲೆ ಕ್ಲಚ್ ತುಳಿಯುವುದು ಆಗುತ್ತಿರಲಿಲ್ಲ. ಅದಕ್ಕೇ 2021ರಲ್ಲಿ, 2011ರ ಮಾಡೆಲಿನ ನಾಲ್ಕು ಗೇರಿನ ಸಣ್ಣ ಆಟೋಮ್ಯಾಟಿಕ್ ಕಾರು ತೆಗೆದುಕೊಂಡೆ. ಒಂದು ಸಂಜೆ ಬಸವನಗುಡಿ ಕಡೆಯಿಂದ ನಮ್ಮ ಹನುಮಂತನಗರದ ಏರು ಹತ್ತಿಸುವಾಗ ಎಂಜಿನ್ ಭರ್ರೆಂದು ಏರಿತು, ಕಾರು ಮಾತ್ರ ತೆವಳಿತು. ಹಿಂದೆ ಬಸ್ಸು. ಕೈ ನಡುಗಿಬಿಟ್ಟಿತು. ಗ್ಯಾರೇಜಿನಲ್ಲಿ ಎರಡು ನಿಮಿಷ ಓಡಿಸಿ ನೋಡಿದರು. "ಗೇರ್‌ಬಾಕ್ಸ್ ಹೋಗಿದೆ ಮೇಡಂ, ಇಳಿಸಬೇಕು, 1 ಲಕ್ಷ 10 ಸಾವಿರ ಆಗುತ್ತೆ" ಅಂದರು. ಬಾನೆಟ್ ಕೂಡ ಎತ್ತಿರಲಿಲ್ಲ.

ಕಾರನ್ನು ಮನೆಗೆ ತಂದೆ. ಕಾರಿನ ಪುಸ್ತಕ ತೆಗೆದು ಓದಿದೆ. ಅದರಲ್ಲಿ ಎಲ್ಲ ಬರೆದಿತ್ತು. ಕಾರು ಮಟ್ಟಸ ಜಾಗದಲ್ಲಿರಬೇಕು, ಎಂಜಿನ್ ಬಿಸಿಯಾಗಿ ಓಡುತ್ತಿರಬೇಕು. ಬ್ರೇಕ್ ತುಳಿದುಕೊಂಡು ಲಿವರನ್ನು ಎಲ್ಲ ಗೇರಿಗೂ ಒಂದೊಂದು ಸಲ ಹಾಕಿ ಮತ್ತೆ ಪಿಗೆ (ಪಾರ್ಕಿಂಗ್) ತರಬೇಕು. ಆಮೇಲೆ ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದು, ಒರೆಸಿ, ಮತ್ತೆ ಅದ್ದಿ ನೋಡಬೇಕು. (ಎಲ್ಲ ಕಾರಿಗೂ ಇದೇ ಕ್ರಮ ಅಲ್ಲ. ಕೆಲವಕ್ಕೆ ಎಂಜಿನ್ ಆರಿಸಿ ನೋಡಬೇಕು, ಎಷ್ಟೋ ಹೊಸ ಕಾರಿಗೆ ಡಿಪ್‌ಸ್ಟಿಕ್ಕೇ ಇಲ್ಲ, ಕೆಳಗಿನಿಂದಲೇ ನೋಡಬೇಕು. ನಿಮ್ಮ ಕಾರಿನ ಪುಸ್ತಕದಲ್ಲಿ ಏನಿದೆಯೋ ಅದನ್ನೇ ಮಾಡಿ.) ನಮ್ಮ ಕಾರಿನಲ್ಲಿ ಆಯಿಲ್ ಗುರುತಿಗಿಂತ ಎರಡು ಬೆರಳು ಕೆಳಗಿತ್ತು. ಬಿಳೀ ಕಾಗದಕ್ಕೆ ಒತ್ತಿದರೆ ಟೀ ಬಣ್ಣದ ಕಲೆ. ಮೂಗಿನ ಹತ್ತಿರ ಹಿಡಿದೆ, ಸೀದ ವಾಸನೆ ಬರಲಿಲ್ಲ. ಡಿಕಾಕ್ಷನ್ ಹಾಗೆ ಕಪ್ಪಾಗಿ, ಸೀದ ವಾಸನೆ ಬಂದರೆ ಕ್ಲಚ್ ಸುಟ್ಟಿದೆ ಅಂತ ಅರ್ಥ. ನಮ್ಮದು ಅಲ್ಲಿಗೆ ಹೋಗಿರಲಿಲ್ಲ. ಆಯಿಲ್ ಕಮ್ಮಿಯಾದಾಗ ಪಂಪ್ ಗಾಳಿ ಎಳೆಯುತ್ತದೆ, ಒತ್ತಡ ಬೀಳುತ್ತದೆ, ಕ್ಲಚ್ ಹಿಡಿಯದೆ ಜಾರುತ್ತದೆ. ಏರಿನಲ್ಲಿ ಆಗಿದ್ದು ಅದೇ.

ಆಯಿಲ್ ಸೋರುತ್ತಿದ್ದದ್ದು ರೇಡಿಯೇಟರ್ ಹತ್ತಿರದ ರಬ್ಬರ್ ಪೈಪಿನಲ್ಲಿ. ಇನ್ನೊಬ್ಬ ಮೆಕ್ಯಾನಿಕ್ ಪೈಪು, ಕ್ಲಿಪ್ಪು ಬದಲಾಯಿಸಿ, ಕಂಪನಿ ಹೇಳಿದ ಆಯಿಲನ್ನೇ ತುಂಬಿದರು. ಒಂದು ಸಲ ಬಸಿದರೆ ಹಳೇ ಆಯಿಲ್ ಪೂರ್ತಿ ಬರುವುದಿಲ್ಲ, ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ದಾಟಿಸುವ ಕನ್ವರ್ಟರ್ ಒಳಗೆ ಬೇಕಾದಷ್ಟು ಉಳಿಯುತ್ತದೆ. ಅದಕ್ಕೇ ಸ್ವಲ್ಪ ದಿನ ಓಡಿಸಿ ಮತ್ತೊಂದು ಸಲ ಬದಲಾಯಿಸಿದೆವು. ಎಲ್ಲ ಸೇರಿ 9,400 ರೂಪಾಯಿ. ಕಾರು ಇವತ್ತಿಗೂ ಓಡುತ್ತಿದೆ.

ಮಾರನೇ ಮಳೆಗಾಲ ಇನ್ನೊಂದು ಆಯಿತು. ರಸ್ತೆಯಲ್ಲಿ ನಿಂತ ನೀರು ದಾಟಿದ ಮೇಲೆ ಕಾರು ಮೂರನೇ ಗೇರಿನಲ್ಲೇ ಕೂತುಬಿಟ್ಟಿತು. ಈ ಸಲ ಹೆದರಲಿಲ್ಲ. ಏನಾದರೂ ತಪ್ಪು ಕಂಡರೆ ಕಂಪ್ಯೂಟರ್ ತಾನೇ ಹಾಗೆ ನಿಲ್ಲಿಸುತ್ತದೆ, ನಿಧಾನವಾಗಿ ಮನೆ ಸೇರಲಿ ಅಂತ. ಆ ಕಂಪ್ಯೂಟರ್ ಬರೆದಿಟ್ಟ ತಪ್ಪನ್ನು ಓದುವ ಸ್ಕ್ಯಾನರ್ ಹಾಕಿದರೆ ಸ್ಪೀಡ್ ಸೆನ್ಸರ್ ಕೋಡ್ ಬಂತು. ಸೆನ್ಸರ್ ಚೆನ್ನಾಗಿಯೇ ಇತ್ತು, ಅದರ ಕನೆಕ್ಟರ್ ಒಳಗೆ ನೀರು. ಒಣಗಿಸಿ, ಪಿನ್ನಿನ ಹಸಿರು ಕಿಲುಬು ಉಜ್ಜಿ ಹಾಕಿದ ಮೇಲೆ ಸರಿಹೋಯಿತು. ಗೇರ್ ಬಿದ್ದಾಗ ಜರ್ಕ್ ಹೊಡೆಯುವುದಕ್ಕೂ ಎಷ್ಟೋ ಸಲ ಎಂಜಿನ್ ಹಿಡಿದಿಡುವ ರಬ್ಬರ್ ಮೌಂಟು ಹರಿದದ್ದೋ, ಆಯಿಲ್ ದಾರಿ ತೆರೆದು ಮುಚ್ಚುವ ಸೊಲೆನಾಯ್ಡೋ, ಸೋತ ಬ್ಯಾಟರಿಯೋ ಕಾರಣ.

ಒಂದು ವೇಳೆ ಕಾರು ನಿಂತೇ ಹೋದರೆ ಹಗ್ಗ ಕಟ್ಟಿ ಎಳೆಸಬೇಡಿ. ಎಂಜಿನ್ ಓಡದಿದ್ದರೆ ಗೇರ್‌ಬಾಕ್ಸಿನ ಪಂಪೂ ಓಡುವುದಿಲ್ಲ. ಚಕ್ರ ತಿರುಗಿದಷ್ಟೂ ಒಳಗೆ ಆಯಿಲ್ ಇಲ್ಲದೆ ಸವೆಯುತ್ತದೆ. ಫ್ಲ್ಯಾಟ್‌ಬೆಡ್ ಗಾಡಿಯೇ ಕರೆಸಿ, ಕಾರನ್ನು ಅದರ ಮೇಲೆ ಹೇರಿಕೊಂಡು ಹೋಗಲಿ.

ಹಳೇ ಆಟೋಮ್ಯಾಟಿಕ್ ಕೊಳ್ಳುವವರಿಗೆ ನನ್ನದೊಂದು ಕೋರಿಕೆ. ನೀವು ಹೋಗುವ ಮುಂಚೆ ಕಾರು ಸ್ಟಾರ್ಟ್ ಮಾಡಿಡಬೇಡಿ ಅಂತ ಮಾರುವವರಿಗೆ ಹೇಳಿ. ತಣ್ಣಗಿರುವಾಗ ಬ್ರೇಕ್ ತುಳಿದು ಆರ್ (ರಿವರ್ಸ್) ಹಾಕಿ, ಡಿ ಹಾಕಿ. ಒಂದೆರಡು ಸೆಕೆಂಡಿನಲ್ಲಿ ಹಿಡಿಯಬೇಕು. ಆಮೇಲೆ ಅರ್ಧ ಗಂಟೆಯಾದರೂ ಟ್ರಾಫಿಕ್ಕಿನಲ್ಲಿ ಓಡಿಸಿ, ಬಿಸಿಯಾದ ಮೇಲೇ ಕೆಲವು ರೋಗ ಹೊರಗೆ ಬರುವುದು. ಒಳಗಿರುವುದು ಯಾವ ಗೇರ್‌ಬಾಕ್ಸ್ ಅಂತಲೂ ಕೇಳಿ. 2014ರಲ್ಲಿ ಮಾರುತಿ ಸೆಲೆರಿಯೋ ಕಾರಿನ ಜೊತೆ ಬಂದ ಎಎಂಟಿ ಅಂದರೆ ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸ ಮಾತ್ರ ಯಂತ್ರದ್ದು. ಹಲ್ಲಿನ ಗೇರುಗಳ ಬದಲು ಬೆಲ್ಟು, ಪುಲ್ಲಿ ಇರುವ ಸಿವಿಟಿ ಬೇರೆ, ಅದರ ಆಯಿಲೂ ಬೇರೆ. ಒಂದರದ್ದು ಇನ್ನೊಂದಕ್ಕೆ ಹಾಕಿದರೆ ಕೆಟ್ಟಂತೆಯೇ. "ಇದಕ್ಕೆ ಜೀವಮಾನ ಆಯಿಲ್, ಬದಲಾಯಿಸೋದೇ ಬೇಡ" ಅಂದವರ ಮಾತು ನಂಬಬೇಡಿ. ಸಿಲ್ಕ್ ಬೋರ್ಡ್, ಹೆಬ್ಬಾಳದಂಥ ಕಡೆ ನಿಂತು ನಿಂತು ಹೋಗುವ ಕಾರಿನ ಆಯಿಲ್ ಬೇಗ ಸೋಲುತ್ತದೆ.

ಗ್ಯಾರೇಜಿನವರಲ್ಲಿ ನಾನು ಕೈಮುಗಿದು ಕೇಳುವುದು ಇಷ್ಟು. ಗೇರ್‌ಬಾಕ್ಸ್ ಇಳಿಸುವ ಮುಂಚೆ ಆಯಿಲನ್ನು ಗಿರಾಕಿಗೆ ತೋರಿಸಿ. ಸ್ಕ್ಯಾನರ್‌ನಲ್ಲಿ ಬಂದ ಕೋಡನ್ನು ಚೀಟಿಯಲ್ಲಿ ಬರೆದುಕೊಡಿ. ಯಾಕೆ ಕೆಟ್ಟಿತು ಅನ್ನುವುದನ್ನು ಬಿಲ್ಲಿನಲ್ಲಿ ಒಂದು ಸಾಲು ಬರೆಯಿರಿ. ಕಾರಣ ಬರೆಯಲು ಆಗದಿದ್ದರೆ ಇನ್ನೂ ಇಳಿಸಬೇಡಿ. ನಿಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಹೊಸ ಕಾರುಗಳ ಸುದ್ದಿ ಬರುತ್ತಿರಲಿ, ಜೊತೆಗೆ ಹತ್ತು ವರ್ಷ ಹಳೇ ಕಾರು ಇಟ್ಟುಕೊಂಡಿರುವ ನಮ್ಮಂಥವರಿಗೂ ಒಂದಿಷ್ಟು ಜಾಗ ಕೊಡಿ.

ಪಕ್ಕದ ಮನೆಯವರ ಕಾರು ಈ ಶನಿವಾರ ಗ್ಯಾರೇಜಿನಿಂದ ಬರುತ್ತದೆ. ಈ ಸಲ ರೇಡಿಯೇಟರ್ ಹೊಸದು. ಕೂಲಂಟ್ ಡಬ್ಬ ನಾನೇ ಜೆ.ಸಿ. ರಸ್ತೆಯಿಂದ ತಂದುಕೊಟ್ಟಿದ್ದೇನೆ.

ಇಂತಿ,
ನಿವೃತ್ತ ವಿಜ್ಞಾನ ಶಿಕ್ಷಕಿ
ಹನುಮಂತನಗರ, ಬೆಂಗಳೂರು