ಹಳೇ ಡೊಮೇನ್ ಕಂಟ್ರೋಲರ್ ಡಿಮೋಟ್ ಮಾಡೋ ಮುಂಚೆ ಓದಿ

ಎಲ್ರಿಗೂ ನಮಸ್ಕಾರ, ಹೊಸ ಡೊಮೇನ್ ಕಂಟ್ರೋಲರ್‌ಗಳು (ನೆಟ್‌ವರ್ಕ್‌ನ ಲಾಗಿನ್, ಅಕೌಂಟ್ ನೋಡ್ಕೊಳ್ಳೋ ಸರ್ವರ್‌ಗಳು) ಚೆನ್ನಾಗೇ ಓಡ್ತಿವೆ, ಹಂಗಂತ ಹಳೇ ವಿಂಡೋಸ್ ಸರ್ವರ್ 2012 ಆರ್2 ಇರೋ ಸರ್ವರ್‌ಗಳಿಗೆ ಯಾರೂ ಈಗ್ಲೇ ಕೈ ಹಾಕ್ಬೇಡಿ. ಅದರ ಮಾಮೂಲಿ ಸಪೋರ್ಟ್ 2023ರ ಅಕ್ಟೋಬರ್‌ನಲ್ಲೇ ಮುಗೀತು, ಡಿಮೋಟ್ ಮಾಡಿ, ಅಂದ್ರೆ ಡೊಮೇನ್ ಕಂಟ್ರೋಲರ್ ಕೆಲಸದಿಂದ ಇಳಿಸಿ, ತೆಗೀಲೇಬೇಕು ನಿಜ, ಅವಸರ ಮಾತ್ರ ಬೇಡ.

ಮೊದ್ಲು ‘ನೆಟ್‌ಡಾಮ್ ಕ್ವೆರಿ ಎಫ್‌ಎಸ್‌ಎಂಒ’ ಕಮಾಂಡ್ ಕೊಟ್ಟು 5 ಎಫ್‌ಎಸ್‌ಎಂಒ ರೋಲ್‌ಗಳೂ (ಒಂದೊಂದನ್ನೂ ಒಂದೇ ಸರ್ವರ್ ಮಾಡೋ ವಿಶೇಷ ಕೆಲಸಗಳು) ಹೊಸದಕ್ಕೆ ಬಂದಿದ್ಯಾ ನೋಡಿ, ಸರ್ವರ್‌ಗಳ ನಡುವೆ ಡೇಟಾ ಕಾಪಿ ಆಗೋದನ್ನ (ರೆಪ್ಲಿಕೇಶನ್) ತೋರಿಸೋ ರೆಪ್‌ಅಡ್ಮಿನ್ ಸಮ್ಮರೀಲಿ ಒಂದು ಫೇಲ್ ಕಂಡ್ರೂ ಅಲ್ಲೇ ನಿಲ್ಸಿ. ಆ 5ರಲ್ಲಿ ಡೊಮೇನ್‌ಗೆಲ್ಲಾ ಟೈಮ್ ಕೊಡೋ ಪಿಡಿಸಿ ರೋಲ್ ಹೋದ ಕಡೆ ಟೈಮ್ ಸೋರ್ಸೂ ಸೆಟ್ ಮಾಡ್ಬೇಕು, ಸುಮಾರು ಜನ ಇದನ್ನ ಮರೆತೇಬಿಡ್ತಾರೆ, ಆಮೇಲೆ ಗಡಿಯಾರ 5 ನಿಮಿಷಕ್ಕಿಂತ ಜಾಸ್ತಿ ಆಚೀಚೆ ಆದ್ರೆ ಲಾಗಿನ್ ಪರಿಶೀಲಿಸೋ ಕರ್ಬರೋಸ್ ಒಳಗೇ ಬಿಡಲ್ಲ.

ನಿಜವಾದ ತಲೆನೋವು ಡಿಎನ್‌ಎಸ್ (ಹೆಸರಿಂದ ಐಪಿ ಹುಡುಕಿಕೊಡೋದು), ಹಳೇ ಸರ್ವರ್‌ಗಳೇ ಅದನ್ನೂ ಮಾಡ್ತಿವೆ. ಡಿಎಚ್‌ಸಿಪಿ ಸ್ಕೋಪ್‌ನಲ್ಲಿ (ಪಿಸಿಗಳಿಗೆ ಐಪಿ ತಾನಾಗೇ ಹಂಚೋ ಸೆಟ್ಟಿಂಗ್) ಡಿಎನ್‌ಎಸ್ ಐಪಿ ಬದಲಾಯಿಸಿದ್ರೆ ಪಿಸಿಗಳದ್ದು ಸರಿಹೋಗತ್ತೆ, ಆದ್ರೆ ಪ್ರಿಂಟರ್, ಸ್ಟೋರೇಜ್ ಬಾಕ್ಸ್, ಫೈರ್‌ವಾಲ್, ಯಾವತ್ತೋ ಹಾಕಿಟ್ಟ ಅಪ್ಲಿಕೇಶನ್ನಿನ ಎಲ್‌ಡ್ಯಾಪ್ (ಡೊಮೇನ್ ಅಕೌಂಟ್ ಹುಡುಕೋ) ಸೆಟ್ಟಿಂಗ್ ಇವೆಲ್ಲದರಲ್ಲೂ ಹಳೇ ಐಪಿ ಕೈಯಾರೆ ಟೈಪ್ ಮಾಡಿರ್ತಾರೆ, ಸರ್ವರ್ ಹೋದ್ಮೇಲೇನೇ ಅದು ಗೊತ್ತಾಗೋದು. ಅದಕ್ಕೇ ಡಿಮೋಟ್ ಮಾಡೋ ಮುಂಚೆ ಹಳೇದನ್ನ ಕೆಲವು ದಿನ ಸುಮ್ನೆ ಶಟ್‌ಡೌನ್ ಮಾಡಿಟ್ಟು ಏನೇನು ಕೂಗತ್ತೆ ನೋಡೋಣ, ತೊಂದ್ರೆ ಬಂದ್ರೆ ಮತ್ತೆ ಆನ್ ಮಾಡಿದ್ರಾಯ್ತು. ತಿಂಗಳುಗಟ್ಲೆ ಮಾತ್ರ ಆಫ್ ಇಡ್ಬೇಡಿ, ಟೂಂಬ್‌ಸ್ಟೋನ್ ಅವಧಿ (ಅಳಿಸಿದ ಅಕೌಂಟ್‌ಗಳ ಗುರುತು ಉಳಿಯೋ ಕಾಲ) ದಾಟಿದ್ರೆ ಅದು ಮತ್ತೆ ಸರಿಯಾಗಿ ಸೇರ್ಕೊಳಲ್ಲ.

ಡಿಮೋಟ್ ಮಾಡುವಾಗ ಮತ್ತೆ ಆನ್ ಮಾಡಿ, ರೆಪ್ಲಿಕೇಶನ್ ಮುಗಿಯೋವರೆಗೂ ಕಾದು, ಒಂದೊಂದೇ ಮಾಡಿ. ಫೋರ್ಸ್ ರಿಮೂವಲ್ (ಬಲವಂತವಾಗಿ ತೆಗೆಯೋದು) ಬೇರೆ ದಾರೀನೇ ಇಲ್ದಾಗ ಮಾತ್ರ, ಯಾಕಂದ್ರೆ ಆಮೇಲೆ ಮೆಟಾಡೇಟಾ (ಹಳೇ ಸರ್ವರ್ ಬಗ್ಗೆ ಉಳಿದ ದಾಖಲೆ) ನಾವೇ ಕ್ಲೀನ್ ಮಾಡ್ಬೇಕಾಗತ್ತೆ.

ನಿಮ್ ನಿಮ್ ಕಡೆ ಸ್ಟ್ಯಾಟಿಕ್ (ಕೈಯಾರೆ ಹಾಕಿದ) ಡಿಎನ್‌ಎಸ್ ಇರೋ ಡಿವೈಸ್‌ಗಳ ಪಟ್ಟಿ ಇಲ್ಲೇ ಹಾಕಿ, ಎಲ್ಲಾ ಬಂದ್ಮೇಲೆ ದಿನ ಗೊತ್ತು ಮಾಡೋಣ.