ಶಟಲ್ ಎಂದು ಬರೆದುಕೊಟ್ಟು ಸೈಡ್ ಶಿಫ್ಟ್ ಟ್ರ್ಯಾಕ್ಟರ್ ಕೊಟ್ಟ ಬಗ್ಗೆ ದೂರು

ದಿನಾಂಕ: 9 ಫೆಬ್ರುವರಿ 2026

ಇಂದ,
ನಿಮ್ಮ 28 ಎಚ್‌ಪಿ ಮಿನಿ ಟ್ರ್ಯಾಕ್ಟರ್‌ನ ಗ್ರಾಹಕ,
ಕುಷ್ಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ
(ಪ್ರತಿ: ಕೊಪ್ಪಳದ ನಿಮ್ಮ ಡೀಲರ್ ಅವರಿಗೆ)

ವಿಷಯ: ತಪ್ಪು ಮಾಹಿತಿ ನೀಡಿ ಬೇರೆ ಗೇರ್‌ಬಾಕ್ಸ್‌ನ ಟ್ರ್ಯಾಕ್ಟರ್ ಮಾರಿದ್ದು ಮತ್ತು ವಾರಂಟಿ ನಿರಾಕರಿಸಿದ್ದು.

ಮಾನ್ಯರೇ,

ನನಗೆ ನಾಲ್ಕು ಎಕರೆ ದಾಳಿಂಬೆ, ಎರಡು ಎಕರೆ ಮಸಾರಿ (ಕೆಂಪು ಮಣ್ಣಿನ) ಹೊಲ ಇದೆ. ಕಳೆದ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತಲ್ಲ, ಅದಕ್ಕೇ ಕಾದಿದ್ದು ಅಕ್ಟೋಬರ್ 2ರಂದು, ಬನ್ನಿ ಹಬ್ಬದ ದಿನ, ನಿಮ್ಮ ಡೀಲರ್ ಹತ್ತಿರ ಗಾಡಿ ತೆಗೆದುಕೊಂಡೆ. ತೆರಿಗೆಯಲ್ಲಿ ಉಳಿದ ದುಡ್ಡನ್ನು ಗೇರ್‌ಬಾಕ್ಸ್‌ಗೆ ಹಾಕೋಣ ಎಂಬುದೇ ನನ್ನ ಲೆಕ್ಕವಾಗಿತ್ತು. ಶಟಲ್ ಇರುವುದೇ ಬೇಕು ಎಂದು ಶೋರೂಮಿನಲ್ಲಿ ಮೂರು ಸಲ ಹೇಳಿದ್ದೇನೆ. ಸೇಲ್ಸ್ ಹುಡುಗ ಕೊಟೇಶನ್ ಚೀಟಿಯ ಮೇಲೆ ತನ್ನ ಕೈಯಾರೆ ‘ಶಟಲ್ – ಸೈಡ್ ಶಿಫ್ಟ್, 9 ಗೇರ್’ ಎಂದು ಬರೆದುಕೊಟ್ಟಿದ್ದಾನೆ. ಅದರ ನಕಲು ಲಗತ್ತಿಸಿದ್ದೇನೆ.

ತಪ್ಪು ಶುರುವಾಗುವುದು ಆ ಚೀಟಿಯಿಂದಲೇ. ಸೈಡ್ ಶಿಫ್ಟ್ ಎಂದರೆ ಗೇರ್ ಲಿವರ್ ಕಾಲುಗಳ ನಡುವೆ ಇರದೆ ಸೀಟಿನ ಪಕ್ಕದಲ್ಲಿದೆ ಎಂದಷ್ಟೇ. ಹತ್ತಿ ಇಳಿಯಲು ಸಲೀಸು, ಒಪ್ಪುತ್ತೇನೆ. ಶಟಲ್ ಎಂದರೆ ಸ್ಟೀರಿಂಗ್ ಕೆಳಗೆ ಎಡಗೈಗೆ ಸಿಗುವ ಇನ್ನೊಂದು ಲಿವರ್. ಗೇರ್ ಮುಟ್ಟದೆ, ಕ್ಲಚ್ ಒತ್ತಿ ಅದೊಂದನ್ನೇ ಹಿಂದೆ ಮುಂದೆ ಮಾಡಿದರೆ ಗಾಡಿ ಹಿಂದೆ ಮುಂದೆ ಹೋಗುತ್ತದೆ, ಮುಂದಕ್ಕೆ ಎಷ್ಟು ಗೇರೋ ಹಿಂದಕ್ಕೂ ಹೆಚ್ಚುಕಡಿಮೆ ಅಷ್ಟೇ ಇರುತ್ತವೆ. ನನಗೆ ಬಂದಿರುವುದು ಒಂಬತ್ತು ಮುಂದೆ, ಮೂರು ಹಿಂದೆ, ಸಿಂಗಲ್ ಕ್ಲಚ್. ಆಗ ನನಗೆ ಇಷ್ಟೆಲ್ಲ ಗೊತ್ತಿರಲಿಲ್ಲ. ಯಲಬುರ್ಗಾ ಕಡೆಯ ನನ್ನ ಷಡ್ಡಕ ಫೋನಿನಲ್ಲಿ ‘ಬ್ಲೋವರ್ ಹೊಡೆಯೋದಿದ್ರ ಶಟಲ್ ತಗೋ’ ಎಂದಿದ್ದ (ಬ್ಲೋವರ್ ಎಂದರೆ ಟ್ರ್ಯಾಕ್ಟರ್‌ಗೆ ಕಟ್ಟಿ ಫ್ಯಾನಿನ ಗಾಳಿಯಿಂದ ಗಿಡಗಳಿಗೆ ಔಷಧಿ ಹೊಡೆಯುವ ಯಂತ್ರ), ಆ ಮಾತು ಹಿಡಿದುಕೊಂಡು ಹೋಗಿದ್ದೆ. ಡೀಲರ್ ಹತ್ತಿರ ಲಿವರ್ ತೋರಿಸಿ ‘ಇದ ನೋಡ್ರಿ ಯಜಮಾನ್ರ, ಇದ ಶಟಲ್’ ಅಂದರು. ಹಾರ ಹಾಕಿದರು, ನಿಂಬೆಹಣ್ಣು ಇಟ್ಟರು, ಫೋಟೋ ತೆಗೆದರು. ಮನೆಗೆ ಬಂದೆ.

ಸಂಕ್ರಾಂತಿಗೆ ಬಂದಾಗ ಷಡ್ಡಕ ಗಾಡಿ ಹತ್ತಿ ಕುಳಿತ. ಅವನ ಎಡಗೈ ತಾನಾಗಿಯೇ ಸ್ಟೀರಿಂಗ್ ಕೆಳಗೆ ಹೋಯಿತು, ಅಲ್ಲಿ ಏನೂ ಸಿಗಲಿಲ್ಲ. ‘ಅಣ್ಣಾ, ಇದರಾಗ ಶಟಲ್ ಎಲ್ಲೈತಿ?’ ಎಂದು ಕೇಳಿದ. ಬೀಗರ ಮುಂದೆ ನನ್ನ ಮುಖ ಹೇಗಾಗಿರಬೇಕು, ನೀವೇ ಊಹಿಸಿಕೊಳ್ಳಿ.

ಅದರಿಂದ ಹೊಲದಲ್ಲಿ ಏನಾಯಿತು ಎಂದು ಹೇಳುತ್ತೇನೆ. ನನ್ನ ತೋಟದಲ್ಲಿ 36 ಸಾಲು, ಸಾಲಿಂದ ಸಾಲಿಗೆ 12 ಅಡಿ. ಕೊನೆಯ ಗಿಡಕ್ಕೂ ಕಲ್ಲಿನ ಬದುವಿಗೂ ನಡುವೆ ಹತ್ತೇ ಅಡಿ ಜಾಗ. ಒಂದೇ ಸಲಕ್ಕೆ ತಿರುಗಲು ಆಗುವುದಿಲ್ಲ, ಎರಡು ಸಲ ಹಿಂದೆ ಮುಂದೆ ಮಾಡಲೇಬೇಕು. ಪ್ರತಿ ಸಲವೂ ಪೂರ್ತಿ ನಿಲ್ಲಿಸಿ, ಕ್ಲಚ್ ಒತ್ತಿ, ನ್ಯೂಟ್ರಲ್‌ಗೆ ತಂದು, ರಿವರ್ಸ್ ಹುಡುಕಬೇಕು. ಹೊತ್ತು ಹೋಗುವುದು ಒಂದು ಮಾತು, ಅದನ್ನು ಹೇಗೋ ಸಹಿಸಬಹುದು. ಆದರೆ ಸಿಂಗಲ್ ಕ್ಲಚ್ ಒತ್ತಿದ ಕೂಡಲೇ ಗಾಲಿಯ ಜೊತೆ ಪಿಟಿಒ (ಬ್ಲೋವರ್ ತಿರುಗಿಸುವ ಹಿಂದಿನ ಶಾಫ್ಟ್) ಕೂಡ ನಿಲ್ಲುತ್ತದೆ. ಪಿಟಿಒ ನಿಂತರೆ ಬ್ಲೋವರ್ ಫ್ಯಾನ್ ಸೋಲುತ್ತದೆ, ಪಂಪಿನ ಒತ್ತಡ ಇಳಿಯುತ್ತದೆ, ನಾಜಲ್‌ಗಳು ತೊಟ್ಟಿಕ್ಕತೊಡಗುತ್ತವೆ. ಮತ್ತೆ ಕ್ಲಚ್ ಬಿಟ್ಟು ಪಿಟಿಒ ನಿಮಿಷಕ್ಕೆ 540 ಸುತ್ತಿಗೆ ಬರುವಷ್ಟರಲ್ಲಿ ಎರಡು ಗಿಡ ದಾಟಿರುತ್ತೇನೆ. ಹಸ್ತ ಬಹಾರ್ ಎಂಬ ಹಿಂಗಾರಿನ ಫಸಲಿಗೆ ಚಾಟನಿ ಮಾಡಿಸಿ, ಅಂದರೆ ಕೊಂಬೆ ಸವರಿಸಿ, ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ್ದು) ಹೊಡೆದ ಮರುದಿನ ನಡೆದು ನೋಡಿದೆ. ಸಾಲಿನ ಉದ್ದಕ್ಕೂ ಕೊಂಬೆಗಳ ಮೇಲೆ ತಿಳಿ ನೀಲಿ ಬಣ್ಣ ಕೂತಿತ್ತು, ಪ್ರತಿ ಸಾಲಿನ ಮೊದಲ ಎರಡು ಗಿಡ ಮಾತ್ರ ಕಂದು ಕಡ್ಡಿಗಳಾಗಿಯೇ ನಿಂತಿದ್ದವು. 72 ಗಿಡ. ಅಂಗಮಾರಿ ರೋಗ ಹೊಕ್ಕ ತೋಟ ಹೇಗಿರುತ್ತದೆ ಎಂದು ಕುಷ್ಟಗಿ ಕಡೆಯ ಯಾರನ್ನಾದರೂ ಕೇಳಿ, ಆ 72ರ ಬೆಲೆ ನಿಮಗೆ ತಿಳಿಯುತ್ತದೆ. ನನ್ನ ಕೈಯ ತಪ್ಪೇ ಇರಬೇಕು ಎಂದುಕೊಂಡು ಬೆನ್ನಿಗೆ ಪಂಪು ಕಟ್ಟಿಕೊಂಡು ಮತ್ತೊಮ್ಮೆ ಹೊಡೆದೆ. ಡ್ಯೂಯಲ್ ಕ್ಲಚ್ ಇದ್ದಿದ್ದರೆ ಪೆಡಲ್ ಅರ್ಧ ಒತ್ತಿದಾಗ ಗಾಲಿ ಮಾತ್ರ ನಿಲ್ಲುತ್ತಿತ್ತು, ಫ್ಯಾನ್ ತಿರುಗುತ್ತಲೇ ಇರುತ್ತಿತ್ತು. ನಿಮ್ಮ ಶಟಲ್ ಮಾದರಿಯಲ್ಲಿ ಆ ಕ್ಲಚ್ಚೇ ಇದೆಯಂತೆ. ಹಾಗೆಂದವರು ನಿಮ್ಮ ಸಹಾಯವಾಣಿಯವರೇ. ಅದರ ದರ ಇದಕ್ಕಿಂತ 40 ಸಾವಿರ ಹೆಚ್ಚಂತೆ. ಆ 40 ಸಾವಿರ ಅವತ್ತು ನನ್ನ ಜೇಬಿನಲ್ಲೇ ಇತ್ತು.

ಇನ್ನು ಗೇರ್‌ಬಾಕ್ಸ್ ವಿಷಯ. ಇದು ನನಗೆ ಹೆಚ್ಚು ಸಿಟ್ಟು ತರಿಸಿದೆ. ನನ್ನ ಹಳೆಯ ಗಾಡಿ ಸ್ಲೈಡಿಂಗ್ ಮೆಶ್. ಅದರಲ್ಲಿ ಗೇರೇ ಸರಿದು ಹೋಗಿ ಇನ್ನೊಂದರ ಹಲ್ಲಿಗೆ ಕೂಡಬೇಕು, ಹಾಗಾಗಿ ನಿಲ್ಲಿಸಿಯೇ ಗೇರ್ ಹಾಕುವುದು ಹದಿನಾಲ್ಕು ವರ್ಷದ ರೂಢಿ. ಹೊಸದು ಕಾನ್‌ಸ್ಟಂಟ್ ಮೆಶ್. ‘ಹಲ್ಲು ಯಾವಾಗಲೂ ಕೂಡೇ ಇರ್ತಾವ್ರಿ, ಓಡುವಾಗನ ಗೇರ್ ಬದಲಿ ಮಾಡ್ರಿ, ಏನೂ ಆಗಂಗಿಲ್ಲ, ಜೀಪ್ ಇದ್ದಂಗ’ ಎಂದು ನಿಮ್ಮ ಹುಡುಗ ಹೇಳಿದ. ಹಲ್ಲು ಕೂಡೇ ಇರುತ್ತವೆ, ನಿಜ. ಆದರೆ ಗೇರನ್ನು ಶಾಫ್ಟಿಗೆ ಹಿಡಿಸುವ ಡಾಗ್ ಇರುತ್ತದಲ್ಲ, ಎರಡರ ವೇಗ ಸರಿಹೊಂದದಿದ್ದರೆ ಅದು ಕರಕರ ಅಂತ ಕಡಿಯುತ್ತದೆ. ಆ ವೇಗ ಸರಿಮಾಡುವ ರಿಂಗ್ ಇರುವುದು ಸಿಂಕ್ರೋಮೆಶ್‌ನಲ್ಲಿ. ಜೀಪಿನಲ್ಲಿ ಇರುವುದು ಅದು, ನನ್ನ ಗಾಡಿಯಲ್ಲಿ ಇಲ್ಲದ್ದೂ ಅದೇ. ಕ್ರೇಟ್ ತುಂಬಿದ ಟ್ರಾಲಿ ಎಳೆದುಕೊಂಡು ಕುಷ್ಟಗಿ ರಸ್ತೆಯಲ್ಲಿ ಮೂರು ತಿಂಗಳು ಅವನ ಮಾತಿನಂತೆ ಓಡಿಸಿದೆ. ಜನವರಿಯಲ್ಲಿ ಮೂರನೇ ಗೇರ್ ತಾನಾಗಿಯೇ ಜಾರಿ ನ್ಯೂಟ್ರಲ್‌ಗೆ ಬೀಳತೊಡಗಿತು.

ನಿಮ್ಮ ವರ್ಕ್‌ಶಾಪಿನಲ್ಲಿ ಆಯಿಲ್ ಇಳಿಸಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಡ್ರೇನ್ ಪ್ಲಗ್‌ನ ಅಯಸ್ಕಾಂತಕ್ಕೆ ಉಗುರಿನ ತುದಿಯಷ್ಟು ದೊಡ್ಡ ಚೂರು ಅಂಟಿತ್ತು, ಒಂದು ಬದಿ ಹೊಳಪು, ಇನ್ನೊಂದು ಬದಿ ಮುರುಕು. ಮೆಕ್ಯಾನಿಕ್ ಅದನ್ನು ಬಟ್ಟೆಯಿಂದ ಒರೆಸಿ ನನ್ನ ಅಂಗೈಗೆ ಹಾಕಿ, ‘ಓಡುವಾಗ ಹಾಕಿರೇನ್ರಿ?’ ಎಂದ. ಪಾಪ, ಅವನು ಕೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ನಾನು ಹೌದೆಂದೆ. ಜಾಬ್ ಕಾರ್ಡಿನ ಮೇಲೆ ‘ಚಾಲಕನ ತಪ್ಪು ಬಳಕೆ, ವಾರಂಟಿ ಅನ್ವಯಿಸದು’ ಎಂದು ಬರೆದರು. ಬಿಲ್ಲು 18,400 ರೂಪಾಯಿ. ಹೇಗೆ ಓಡಿಸಬೇಕೆಂದು ಹೇಳಿಕೊಟ್ಟವರು ನಿಮ್ಮವರು, ಹಾಗೆ ಓಡಿಸಿದ್ದು ತಪ್ಪು ಎಂದವರೂ ನಿಮ್ಮವರು. ನನ್ನ ಪಾಡಿಗೆ ಬಿಟ್ಟಿದ್ದರೆ ಹಳೆಯ ಗಾಡಿಯಂತೆ ನಿಲ್ಲಿಸಿಯೇ ಹಾಕುತ್ತಿದ್ದೆ, ಡಾಗ್ ಉಳಿಯುತ್ತಿತ್ತು. ಆ ಚೂರು ಅಪ್ಪನ ಖಾಲಿ ಸುಣ್ಣದ ಡಬ್ಬಿಯಲ್ಲಿದೆ. ನಿಮ್ಮ ಎಂಜಿನಿಯರ್ ಬಂದರೆ ತೋರಿಸುತ್ತೇನೆ, ಕೊಡುವುದಿಲ್ಲ.

ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಗೇರೇ ಇಲ್ಲದ, ಪೆಡಲ್ ಒತ್ತಿದರೆ ಮುಂದೆ ಹಿಂದೆ ಹೋಗುವ ಹೈಡ್ರೋಸ್ಟ್ಯಾಟಿಕ್ ಗಾಡಿಯನ್ನು ಹೊರದೇಶದ ವೀಡಿಯೊದಲ್ಲಿ ನೋಡಿ ಅದನ್ನೂ ವಿಚಾರಿಸಿದ್ದೆ. ಅದರಲ್ಲಿ ಎಂಜಿನ್ನಿನ ಬಲ ಆಯಿಲ್ ಪಂಪು, ಮೋಟರ್ ಮೂಲಕ ಗಾಲಿಗೆ ಹೋಗುತ್ತದೆ, ದಾರಿಯಲ್ಲಿ ಒಂದಿಷ್ಟು ಬಲ ಆಯಿಲ್ ಬಿಸಿಯಾಗುವುದಕ್ಕೇ ಹೋಗುತ್ತದೆ, ಲೋಡರ್ ಕೆಲಸಕ್ಕೆ ಸುಖ, ರಂಟೆ ಎಳೆಯುವವರಿಗೆ ಡೀಸೆಲ್ ದಂಡ ಎಂದು ಅದೇ ಹುಡುಗ ಸರಿಯಾಗಿಯೇ ಹೇಳಿದ. ತಾನು ಮಾರದ ಗಾಡಿಯ ಬಗ್ಗೆ ಅವನಿಗೆ ಇಷ್ಟು ಚೆನ್ನಾಗಿ ಗೊತ್ತಿತ್ತು.

ನಾನು ಕೇಳುವುದು ಇಷ್ಟು. ಈ ಗಾಡಿ ವಾಪಸ್ ಪಡೆದು ಶಟಲ್, ಡ್ಯೂಯಲ್ ಕ್ಲಚ್ ಇರುವ ಮಾದರಿ ಕೊಡಿ, ಮೇಲಿನ 40 ಸಾವಿರ ಕೊಡಲು ಸಿದ್ಧನಿದ್ದೇನೆ, ಬಳಸಿದ ಗಂಟೆಗಳಿಗೆ ಕಡಿತ ಮಾಡಬೇಡಿ. ಅದು ಆಗದಿದ್ದರೆ ಗೇರ್‌ಬಾಕ್ಸನ್ನು ವಾರಂಟಿಯಲ್ಲಿ ದುರಸ್ತಿ ಮಾಡಿ, 18,400 ವಾಪಸ್ ಕೊಟ್ಟು, ಜಾಬ್ ಕಾರ್ಡಿನ ಮೇಲಿನ ‘ತಪ್ಪು ಬಳಕೆ’ ಎಂಬ ಮಾತನ್ನು ಅಳಿಸಿ. ಶೋರೂಮಿನ ಗೋಡೆಗೆ ಹಾಕಿದ ಪಟ್ಟಿಯಲ್ಲಿ ಎಚ್‌ಪಿ ಇದೆ, ಗೇರ್ ಎಷ್ಟು ಎಂದಿದೆ, ಕ್ಲಚ್ ಯಾವುದು, ಒಳಗೆ ಯಾವ ಮೆಶ್ ಎಂಬುದು ಎಲ್ಲೂ ಇಲ್ಲ. ಅದನ್ನು ಕನ್ನಡದಲ್ಲಿ ಬರೆಸಿ ಹಾಕಿ.

15 ದಿನದಲ್ಲಿ ಲಿಖಿತ ಉತ್ತರ ಬರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೊಪ್ಪಳದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಗಾಡಿಗೆ ಕೊಟ್ಟಿದ್ದು ಆರೂವರೆ ಲಕ್ಷವಾದ್ದರಿಂದ ಅಲ್ಲಿನ ಶುಲ್ಕ 200 ರೂಪಾಯಿ, ಅದನ್ನು ತೆಗೆದಿಟ್ಟಿದ್ದೇನೆ. ದುಡಿಮೆಗೆ ಕೊಂಡ ಗಾಡಿ, ನೀವು ಗ್ರಾಹಕರೇ ಅಲ್ಲ ಎನ್ನುವ ಉತ್ತರ ಬೇಡ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡವನೂ ಗ್ರಾಹಕನೇ ಎಂದು ಕಾಯ್ದೆಯಲ್ಲೇ ಇದೆ.

ಫೋನ್ ಮಾಡುವುದಿದ್ದರೆ ಸಂಜೆ ಆರರ ಮೇಲೆ ಮಾಡಿ. ಹಗಲು ಬ್ಲೋವರ್ ಸದ್ದಿನಲ್ಲಿ ಕೇಳಿಸುವುದಿಲ್ಲ.

ಇಂತಿ ನಿಮ್ಮ ಗ್ರಾಹಕ,
(ಸಹಿ)

ಲಗತ್ತು: ಕೊಟೇಶನ್ ಚೀಟಿ, ಇನ್‌ವಾಯ್ಸ್, ಜಾಬ್ ಕಾರ್ಡ್ ನಕಲುಗಳು, ಚೂರಿನ ಎರಡು ಫೋಟೋ