ಶನಿವಾರ ಟೆರೇಸ್ ಮೇಲೆ ‘ಚೋಮನ ದುಡಿ’

ಎಲ್ಲರಿಗೂ ನಮಸ್ಕಾರ. ಚಳಿ ಚೆನ್ನಾಗಿ ಹಿಡಿದಿದೆ, ಶನಿವಾರ ಸಂಜೆ 6:45ಕ್ಕೆ ಸಿನಿಮಾ. ಶಿವರಾಮ ಕಾರಂತರ ಕಾದಂಬರಿ (1933) ಓದಿಕೊಂಡೇ ಬನ್ನಿ. ಸಣ್ಣ ಪುಸ್ತಕ, ಎರಡು ರಾತ್ರಿ ಸಾಕು. ಬಿ.ವಿ. ಕಾರಂತರ 1975ರ ಚಿತ್ರ ಕಪ್ಪು-ಬಿಳುಪು. ಹಾಗಾಗಿ ಟೆರೇಸ್ ದೀಪ ಆರಿರಲೇಬೇಕು, ಇಲ್ಲದಿದ್ದರೆ ಕಪ್ಪೆಲ್ಲ ಬೂದು ಬಣ್ಣಕ್ಕೆ ತಿರುಗುತ್ತೆ.

ಪರದೆಗೆ ಬಿಳಿ ಬೆಡ್‌ಶೀಟ್ ಎರಡು ಪದರ, ಹಿಂದೆ ಕಪ್ಪು ಬಟ್ಟೆ. ಒಂದೇ ಪದರವಾದರೆ ಬೆಳಕು ಹಿಂದಕ್ಕೆ ಸೋರಿ ಚಿತ್ರ ಮಂಕಾಗುತ್ತೆ. ಕೆಳ ಅಂಚಿಗೆ ಕೋಲು ಸೇರಿಸಿ ಬಿಗಿಯಾಗಿ ಕಟ್ಟಿ, ಗಾಳಿಗೆ ಅಲುಗಾಡಬಾರದು. ಸ್ಪೀಕರ್ ಪರದೆ ಪಕ್ಕದಲ್ಲೇ ಇರಲಿ. ದುಡಿಯ ಸದ್ದು ಬೆನ್ನ ಹಿಂದಿನಿಂದ ಬಂದರೆ ಅರ್ಧ ಸಿನಿಮಾ ಹೋದ ಹಾಗೇ.

ಮುಗಿದ ಕೂಡಲೇ ಪ್ರೊಜೆಕ್ಟರ್ ಪ್ಲಗ್ ಕೀಳಬೇಡಿ, ಒಳಗಿನ ಫ್ಯಾನ್ ನಿಲ್ಲುವವರೆಗೆ ಕಾಯಿರಿ. ಇಬ್ಬನಿಯಲ್ಲಿ ತಣ್ಣಗಾದ ಯಂತ್ರವನ್ನು ಬೆಚ್ಚಗಿನ ಕೋಣೆಗೆ ತಂದು ತೆರೆದಿಟ್ಟರೆ ಲೆನ್ಸ್ ಮೇಲೆ ಹನಿ ಕಟ್ಟುತ್ತೆ. ಅರ್ಧ ಗಂಟೆ ಬ್ಯಾಗಿನೊಳಗೇ ಬಿಡಿ. ಕಂಬಳಿ ಅವರವರದ್ದೇ ತನ್ನಿ.